ದಿಂಬಕ್ಕನ ಎರಡು ಗೆರೆ

ದಿಂಬಕ್ಕನಿಗೆ ಆ ಹೆಸರು ಬಿದ್ದದ್ದು ಚಿಕ್ಕಂದಿನಲ್ಲೇ. ತಾಯಿ ತೀರಿಕೊಂಡ ಮೇಲೆ ಸೋದರಮಾವ ಅವಳನ್ನು ತನ್ನ ಹಾಸಿಗೆ ಅಂಗಡಿಗೆ ಕರೆತಂದ. ಮಾರಾಟಕ್ಕಿಟ್ಟ ದಿಂಬಿನ ರಾಶಿಯ ಮೇಲೆ ಕೂರಿಸಿ, "ಇಲ್ಲೇ ಇರು ಪುಟ್ಟಿ, ಅಳಬಾರದು, ಈಗ ಬಂದೆ" ಎಂದು ಗಿರಾಕಿಯ ಕಡೆ ತಿರುಗಿದ. ವ್ಯಾಪಾರ ಮುಗಿಸಿ ನೋಡಿದರೆ ಹುಡುಗಿ ಇಲ್ಲ. ಅಂಗಡಿ ಜಾಲಾಡಿದ, ಬೀದಿ ತುದಿಯವರೆಗೂ ಓಡಿದ, ಪಕ್ಕದ ಬೀಗ ರಿಪೇರಿಯವನನ್ನೂ ಎಬ್ಬಿಸಿ ಓಡಿಸಿದ. ಕಡೆಗೆ ನೋಡಿದರೆ ಅವಳು ದಿಂಬುಗಳ ಸಂದಿಯಲ್ಲಿ ಜಾರಿ ತಳ ಸೇರಿ, ಬಾಯಿ ತೆರೆದುಕೊಂಡು ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು. "ಇದೇನಯ್ಯಾ, ಸೊಸೆ ದಿಂಬಿಗಿಂತ ಚಿಕ್ಕೋಳು!" ಎಂದು ಬೀಗದವನು ನಕ್ಕ. ಅವತ್ತಿನಿಂದ ಅವಳು ದಿಂಬಿ. ವಯಸ್ಸಾಗುತ್ತ ಬೀದಿಯವರ ಬಾಯಲ್ಲಿ ದಿಂಬಕ್ಕ.

ಮಾವ ಮದುವೆಯಾದವನಲ್ಲ. ಅವನಿಗೆ ತಿಳಿದದ್ದು ಹಾಸಿಗೆಯೊಂದೇ. ಅದನ್ನೇ ಅವಳಿಗೂ ಕಲಿಸಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿ ಬಿಡಿಸುವ ಯಂತ್ರವಿತ್ತು. ಅದು ಶುರುವಾದರೆ ಮಾತಾಡಿದ್ದು ಕೇಳಿಸುತ್ತಿರಲಿಲ್ಲ. ಹಳೆಯ ಹಾಸಿಗೆಯ ಕಲ್ಲುಗಟ್ಟಿದ ಹತ್ತಿಯನ್ನು ಒಂದು ಕಡೆಯಿಂದ ಹಾಕಿದರೆ ಇನ್ನೊಂದು ಕಡೆಯಿಂದ ಅರಳಿಕೊಂಡು ಬರುತ್ತಿತ್ತು. ಗವಸಿನ ಮೂರು ಬದಿ ಹೊಲಿದು, ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ನಾಲ್ಕನೆಯ ಬದಿ ಮುಚ್ಚಬೇಕು. ಆಮೇಲೆ ಹಾಸಿಗೆಯ ಉದ್ದಗಲಕ್ಕೂ ಅಲ್ಲಲ್ಲಿ ದಬ್ಬಳ ತೂರಿಸಿ, ದಾರ ಎಳೆದು ಗಂಟು ಹಾಕಬೇಕು. ಇಲ್ಲದಿದ್ದರೆ ಹತ್ತಿ ಒಂದು ಮೂಲೆಗೆ ಸರಿದು ಮಲಗಿದವರ ಬೆನ್ನು ಶಾಪ ಹಾಕುತ್ತದೆ. ದಿಂಬಕ್ಕನ ಕೈ ಈ ಗಂಟಿನಲ್ಲಿ ಪಳಗಿತ್ತು. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆಗೆಲ್ಲ ಹತ್ತಿಯ ಎಳೆ ಅಂಟಿಕೊಂಡು, "ಈ ವಯಸ್ಸಿಗೇ ಅಜ್ಜಿಯಾಗಿಬಿಟ್ಟೆಯಲ್ಲೇ" ಎಂದು ಮಾವನಿಂದ ಹೇಳಿಸಿಕೊಳ್ಳುತ್ತಿದ್ದಳು.

ಅವಳ ಗಂಡ ಲಿಫ್ಟ್ ರಿಪೇರಿಯವನು. ಅವನು ಅಂಗಡಿಗೆ ಮೊದಲು ಬಂದದ್ದು ತಾಯಿಯ ಕುತ್ತಿಗೆ ನೋವಿಗೆ ಒಂದು ದಿಂಬು ಕೊಳ್ಳಲು. ಎರಡು ದಿನ ಬಿಟ್ಟು ಬಂದು, "ಸ್ವಲ್ಪ ಎತ್ತರ ಆಯ್ತಂತೆ" ಎಂದು ಬದಲಾಯಿಸಿಕೊಂಡು ಹೋದ. ಮತ್ತೆ ಬಂದು, "ಸ್ವಲ್ಪ ತಗ್ಗಾಯ್ತಂತೆ" ಎಂದ. ಅದಾದ ಮೇಲೆ, "ಸ್ವಲ್ಪ ಗಟ್ಟಿ". ಕಡೆಗೊಂದು ದಿನ ತಾಯಿಯೇ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಅವಳು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿದು, ಟಾರ್ಚ್ ಹಿಡಿದು ಜನರನ್ನು ಕೂರಿಸುವ ಕೆಲಸದಲ್ಲಿದ್ದವಳು. ಕತ್ತಲಲ್ಲಿ ಸೀಟಿ ಹೊಡೆಯುವ ಪುಂಡರು ಅವಳ ಒಂದೇ ಗದರಿಕೆಗೆ ಬಾಲ ಮುದುರಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ನಿಂತು ದಿಂಬಕ್ಕನನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಕುತ್ತಿಗೆಗೇನೂ ಆಗಿಲ್ಲಮ್ಮ. ದಿಂಬೂ ಚೆನ್ನಾಗೇ ಇದೆ. ಕಾಯಿಲೆ ಇರೋದು ನನ್ನ ಮಗನಿಗೆ" ಎಂದಳು. ಮಾವ ಹೊಲಿಗೆ ಬಿಟ್ಟು ಎದ್ದು ನಿಂತ. ದಿಂಬಕ್ಕ ನಾಚಿ ಹತ್ತಿ ಕೋಣೆಗೆ ಓಡಿದಳು.

ಮದುವೆಯಾಗಿ ಹೋದದ್ದು ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ. ಊರಿನ ಲಿಫ್ಟನ್ನೆಲ್ಲ ಸರಿಮಾಡುವವನ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ. ಅತ್ತೆ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ, "ಜನರನ್ನ ಮೇಲಕ್ಕೆ ಕಳಿಸೋದೇ ನನ್ನ ಮಗನ ಕಸುಬು, ಹೆತ್ತ ತಾಯಿಯನ್ನ ಮಾತ್ರ ಹೀಗೇ ಕಳಿಸ್ತಾನೇನೋ" ಎಂದು ಹಾಸ್ಯ ಮಾಡುತ್ತಿದ್ದಳು. ಗಂಡ ಮಾತು ಕಮ್ಮಿಯ ಮನುಷ್ಯ. ನಕ್ಕು ಸುಮ್ಮನಾಗುತ್ತಿದ್ದ. ಬಾಯಿ ಜೋರಿನ ಅತ್ತೆ, ಬಾಯಿ ಇಲ್ಲದ ಗಂಡ, ನಡುವೆ ದಿಂಬಕ್ಕ. ಮನೆ ಚೆನ್ನಾಗಿಯೇ ನಡೆಯಿತು. ಮಕ್ಕಳು ಮಾತ್ರ ಆಗಲಿಲ್ಲ. ಊರಲ್ಲಿ ಎಲ್ಲರ ವಿಷಯಕ್ಕೂ ಬಾಯಿ ಹಾಕುವ ಅತ್ತೆ ಈ ಒಂದು ವಿಷಯಕ್ಕೆ ಬಾಯಿ ಹಾಕಲಿಲ್ಲ. ಯಾರಾದರೂ ಕೇಳಿದರೆ, "ನಿಮ್ಮನೆ ಟಿಕೆಟ್ ನೀವು ನೋಡ್ಕೊಳ್ಳಿ" ಎನ್ನುತ್ತಿದ್ದಳು.

ಹಾಗೆ ವರ್ಷಗಟ್ಟಲೆ ಕಾದು, ಆಸೆಯನ್ನೂ ಬಿಟ್ಟ ಮೇಲೆ ದಿಂಬಕ್ಕ ಬಸಿರಾದಳು. ಮನೆಯಲ್ಲಿ ನಡೆಯುವ ಸದ್ದೇ ಬದಲಾಯಿತು. ಅತ್ತೆ ಮೆಲ್ಲಗೆ ಮಾತಾಡಲು ಕಲಿತಳು. ಮಾವ ಒಳ್ಳೆಯ ಹೊಸ ಹತ್ತಿ ಆರಿಸಿ, ಮೊಳದುದ್ದದ ಒಂದು ಹಾಸಿಗೆ, ಅಂಗೈಯಗಲದ ಒಂದು ದಿಂಬು ಹೊಲಿದಿಟ್ಟ. ದಿಂಬಕ್ಕನಿಗೆ ವಾಂತಿ ಮಾತ್ರ ಹೇಳತೀರದು. ನೀರು ಕುಡಿದರೂ ನಿಲ್ಲದು. ಹೊಟ್ಟೆಯೋ ತಿಂಗಳಿಗೆ ಮೀರಿ ಬೆಳೆಯುತ್ತಿತ್ತು. "ಅವಳಿಜವಳಿ ಇರಬೇಕು" ಎಂದು ಅತ್ತೆ ಗುಟ್ಟಿನಲ್ಲಿ ಇಡೀ ಬೀದಿಗೆ ಹೇಳಿದಳು.

ಸ್ಕ್ಯಾನಿಂಗ್ ದಿನ ಪರದೆಯ ಮೇಲೆ ದಿಂಬಕ್ಕನಿಗೆ ಕಂಡದ್ದು ಬರೀ ಬಿಳಿ ಚುಕ್ಕೆ. ಕಪ್ಪು ನೆಲದ ಮೇಲೆ ಯಾರೋ ಹತ್ತಿ ಬಿಡಿಸಿ ಚೆಲ್ಲಿದ ಹಾಗೆ. ಹೆರಿಗೆ ಡಾಕ್ಟರು ಅವಳ ಕೈ ಹಿಡಿದುಕೊಂಡು ಬಿಡಿಸಿ ಹೇಳಿದರು. ಮಗು ಕಟ್ಟಿಯೇ ಇಲ್ಲ. ಮಗುವನ್ನು ಸಾಕಬೇಕಾದ ಮಾಸು ಮಾತ್ರ ತನ್ನಷ್ಟಕ್ಕೆ ತಾನೇ ಬೆಳೆದು, ನೀರು ತುಂಬಿದ ದ್ರಾಕ್ಷಿ ಗೊಂಚಲಿನ ಹಾಗಾಗಿದೆ. ಇದು ಯಾರ ತಪ್ಪೂ ಅಲ್ಲ, ಸಾವಿರಕ್ಕೊಬ್ಬರಿಗೆ ಹೀಗಾಗುತ್ತದೆ. ತೆಗೆದುಬಿಡಬೇಕು.

ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದರು, "ವಾರ ವಾರ ಬಂದು ರಕ್ತ ಕೊಟ್ಟು ಹೋಗಬೇಕಮ್ಮ. ಇದರ ಒಂದು ಚೂರು ಎಲ್ಲಾದ್ರೂ ಉಳಿದಿದ್ರೆ ಮತ್ತೆ ಬೆಳೆಯುತ್ತೆ. ರಕ್ತದಲ್ಲಿ ಗೊತ್ತಾಗಿಬಿಡುತ್ತೆ. ತಪ್ಪಿಸಬೇಡಿ."

ಅಷ್ಟರಲ್ಲಿ ಮಾವ ಆ ಪುಟ್ಟ ಹಾಸಿಗೆ ಬಿಚ್ಚಿ ಹತ್ತಿಯನ್ನು ಯಂತ್ರಕ್ಕೆ ಹಾಕಿದ್ದ. ಅದು ಯಾರದೋ ಮನೆಯ ದೊಡ್ಡ ಹಾಸಿಗೆಯಲ್ಲಿ ಸೇರಿಹೋಯಿತು. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ದಿಂಬಕ್ಕ ರಕ್ತ ಕೊಡಲು ಹೋದಳು. ರಕ್ತ ತೆಗೆಯುವ ಕೋಣೆ ಇದ್ದದ್ದು ಹೆರಿಗೆ ವಿಭಾಗದಲ್ಲಿಯೇ. ಹೊರಗೆ ಉದ್ದನೆಯ ಬೆಂಚು, ಅದರ ತುಂಬ ಬಸುರಿಯರು. ಒಬ್ಬಳು ಕಾಲು ಚಾಚಿಕೊಂಡು, ಒಬ್ಬಳು ಸೊಂಟಕ್ಕೆ ಕೈ ಕೊಟ್ಟುಕೊಂಡು, ಇನ್ನೊಬ್ಬಳು ಹುಣಸೆಹಣ್ಣು ಚೀಪಿಕೊಂಡು. ಮೊದಲ ವಾರ ದಿಂಬಕ್ಕ ಗೋಡೆ ನೋಡುತ್ತ ಕೂತು ಬಂದಳು. ಮುಂದಿನ ವಾರ ಕಣ್ಣು ಮುಚ್ಚಿಕೊಂಡು ಕೂತು ಬಂದಳು. ಅದರ ಮುಂದಿನ ವಾರ ಪಕ್ಕದಲ್ಲಿ ಕೂತ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳು ಸಂತೋಷ ತಡೆಯಲಾರದೆ, ಗುರುತು ಪರಿಚಯ ಒಂದೂ ಇಲ್ಲದೆ, ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, "ಅಕ್ಕಾ, ನೋಡಿ ನೋಡಿ, ಒದೀತಿದೆ!" ಎಂದಳು. ನಿಜವಾಗಿಯೂ ಒದೆಯುತ್ತಿತ್ತು. ದಿಂಬಕ್ಕ ನಕ್ಕು, "ಹೌದಮ್ಮ" ಎಂದು ಎದ್ದು, ತನ್ನ ಸರದಿ ಬರುವ ಮೊದಲೇ ಹೊರಗೆ ಬಂದುಬಿಟ್ಟಳು.

ಆಮೇಲೆ ಅವಳು ಆ ಕಡೆ ಹೋಗಲಿಲ್ಲ. ವಾರಕ್ಕೊಮ್ಮೆ ಮನೆಯಿಂದ ಹೊರಡುವಳು. ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ ಕೂತು, ಹೋಗುವ ಬರುವ ಬಸ್ಸು ನೋಡುವಳು. ಸಾಕಷ್ಟು ಹೊತ್ತಾದ ಮೇಲೆ ಮನೆಗೆ ಬಂದು, "ಎಲ್ಲಾ ಸರಿಯಾಗಿದೆಯಂತೆ ಅತ್ತೆ" ಎನ್ನುವಳು. ಕೆಲವು ತಿಂಗಳಾದ ಮೇಲೆ, "ಇನ್ನು ಬರೋದು ಬೇಡ ಅಂದ್ರು" ಎಂದಳು. ಅತ್ತೆ ಗಟ್ಟಿಯಾಗಿ ಉಸಿರುಬಿಟ್ಟು, "ಸದ್ಯ, ಪೀಡೆ ತೊಲಗಿತು" ಎಂದಳು.

ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತಿ ಕೆಲಸದವರಿಗೆ ಕೆಮ್ಮು ಹೊಸದಲ್ಲ. "ಧೂಳು ಕಣೇ, ಬಾಯಿಗೆ ಬಟ್ಟೆ ಕಟ್ಟಿಕೋ ಅಂದ್ರೆ ಕೇಳಲ್ಲ" ಎಂದು ಮಾವ ಬೈದ. ಬೀದಿಯ ಕ್ಲಿನಿಕ್ಕಿನವರು ಸಿರಪ್ ಕೊಟ್ಟರು. ಆದರೆ ಕೆಮ್ಮಿನ ಜೊತೆಗೆ ಮೈ ಇಳಿಯುತ್ತ ಬಂತು. ಸುಮ್ಮನೆ ಕೂತಿದ್ದರೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕೈ ನಡುಗಿ, ಕಣ್ಣು ಮುಚ್ಚಿಕೊಂಡು ದಾರ ಪೋಣಿಸುತ್ತಿದ್ದವಳಿಗೆ ದಬ್ಬಳದ ಕಣ್ಣೇ ಸಿಗದಂತಾಯಿತು. ತಿಂಗಳಿನ ಲೆಕ್ಕ ಅಂತೂ ಮೊದಲೇ ಹಳಿ ತಪ್ಪಿತ್ತು. ಆಗಾಗ ಇಷ್ಟಿಷ್ಟು ಕಾಣಿಸಿಕೊಂಡು ನಿಲ್ಲುತ್ತಿತ್ತು. ಆ ಭಾಗದ ಯೋಚನೆಯನ್ನೇ ಮಾಡಬಾರದೆಂದು ಅವಳು ಗಟ್ಟಿ ಮನಸ್ಸು ಮಾಡಿಬಿಟ್ಟಿದ್ದಳು.

ಒಂದು ದಿನ ಬಿಳಿ ಗವಸು ಹೊಲಿಯುತ್ತಿದ್ದಾಗ ಕೆಮ್ಮು ಬಂತು. ನೋಡಿದರೆ ಬಟ್ಟೆಯ ಮೇಲೆ ಕೆಂಪು ಚುಕ್ಕೆ. ಸೂಜಿ ಚುಚ್ಚಿರಬೇಕೆಂದು ಬೆರಳು ನೋಡಿಕೊಂಡಳು. ಒಂದೊಂದೇ ಬೆರಳನ್ನು ಹಿಂಡಿ ನೋಡಿದಳು. ಎಲ್ಲೂ ಗಾಯವಿರಲಿಲ್ಲ. ಆ ಚೂರು ಬಟ್ಟೆಯನ್ನು ಕತ್ತರಿಸಿ ಮುದುರಿ ಚಿಂದಿಯ ಚೀಲಕ್ಕೆ ಹಾಕಿ, ಹೊಲಿಗೆ ಮುಂದುವರಿಸಿದಳು.

ಮುಚ್ಚಿಡುವ ಕಾಲ ಬೇಗ ಮುಗಿಯಿತು. ಕ್ಲಿನಿಕ್ಕಿನವರು ಎಕ್ಸ್‌ರೇ ತೆಗೆಸಿದರು. ಎರಡೂ ಶ್ವಾಸಕೋಶದಲ್ಲಿ ಅಲ್ಲಲ್ಲಿ ದುಂಡನೆಯ ಬಿಳಿ ಗಂಟುಗಳಿದ್ದವು. "ಕ್ಷಯ ಇರಬಹುದು" ಎಂದು ಮಾತ್ರೆ ಶುರು ಮಾಡಿದರು. ಹಿಂದೆ ಆಸ್ಪತ್ರೆಗೆ ಸೇರಿದ್ದು ಯಾತಕ್ಕೆ ಎಂದು ಅವರು ಕೇಳಲಿಲ್ಲ. ಕೆಮ್ಮಿಗೂ ಅದಕ್ಕೂ ಏನು ಸಂಬಂಧವೆಂದು ಅವಳೂ ಹೇಳಲಿಲ್ಲ. ಮಾತ್ರೆ ನುಂಗಿದರೂ ಗುಣ ಕಾಣಲಿಲ್ಲ.

ಒಂದು ಮಧ್ಯಾಹ್ನ ಹಾಸಿಗೆ ಬಡಿಯುತ್ತ ಬಡಿಯುತ್ತ ದಿಂಬಕ್ಕ ಕೋಲು ಕೈಬಿಟ್ಟು ಕುಸಿದಳು. ಬಾಯಿ ತುಂಬ ರಕ್ತ. ಉಸಿರು ಒಳಗೆ ಹೋಗಲೊಲ್ಲದು. ಬಾಗಿಲಲ್ಲಿ ಡೆಲಿವರಿ ವ್ಯಾನು ನಿಂತಿತ್ತು, ಯಾರದೋ ಮನೆಗೆ ಹೋಗಬೇಕಾದ ಜೋಡಿ ಹಾಸಿಗೆ ಹೊತ್ತು. ಮಾವ ಮತ್ತು ಬೀಗದವನು ಅವಳನ್ನು ಅದೇ ಹಾಸಿಗೆಯ ಮೇಲೆ ಮಲಗಿಸಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿಸಿದರು. "ಹಾಸಿಗೆ ಹಾಳಾಗುತ್ತೆ ಮಾವ" ಎಂದು ಅವಳು ಅಷ್ಟರಲ್ಲೂ ಹೇಳಿದಳು. "ಹಾಳಾಗಲಿ ಬಿಡೇ" ಎಂದು ಮಾವ ಗಟ್ಟಿಯಾಗಿ ಅತ್ತ.

ತುರ್ತು ವಿಭಾಗದಲ್ಲಿ ಹಸಿರು ಪರದೆಗಳ ನಡುವೆ ಅವಳನ್ನು ಒರಗಿಸಿ ಕೂರಿಸಿ, ಮೂಗು ಬಾಯಿಗೆ ಆಕ್ಸಿಜನ್ ಮುಖವಾಡ ಹಾಕಿದರು. ಅಲ್ಲಿನ ಡಾಕ್ಟರಮ್ಮ ನಡುವಯಸ್ಸಿನವರು. ಕೂದಲನ್ನು ಪೆನ್ನಿನಿಂದಲೇ ಸುತ್ತಿ ಸಿಕ್ಕಿಸಿಕೊಂಡಿದ್ದರು, ಆಮೇಲೆ ಅದೇ ಪೆನ್ನನ್ನು ಜೇಬಿನಲ್ಲೆಲ್ಲ ಹುಡುಕುತ್ತಿದ್ದರು. ಹೊಸ ಎಕ್ಸ್‌ರೇಯಲ್ಲಿ ಗಂಟುಗಳು ಹೆಚ್ಚಾಗಿದ್ದವು, ದೊಡ್ಡದೂ ಆಗಿದ್ದವು. ಶ್ವಾಸಕೋಶದ ಡಾಕ್ಟರು ಬಂದು ನೋಡಿ, "ಇದು ಕ್ಷಯದ ಥರ ಕಾಣ್ತಿಲ್ಲ. ಬೇರೆ ಎಲ್ಲಿಂದಲೋ ಹರಡಿದ ಹಾಗಿದೆ. ಸ್ಕ್ಯಾನ್ ಆಗಲಿ, ನಾಳೆ ಸೂಜಿ ಹಾಕಿ ಒಂದು ಚೂರು ತೆಗೆದು ನೋಡೋಣ" ಎಂದು ಹೋದರು.

ಸ್ಕ್ಯಾನಿಗೆ ಮುಂಚೆ ಹೆಂಗಸರಿಗೆಲ್ಲ ಮೂತ್ರದ ಒಂದು ಪರೀಕ್ಷೆ ಮಾಡುವುದು ಅಲ್ಲಿನ ನಿಯಮ. ನರ್ಸು ಪುಟ್ಟ ಬಟ್ಟಲು ಕೊಟ್ಟು, ತೆಗೆದುಕೊಂಡು ಹೋದಳು. ಅಷ್ಟು ಹೊತ್ತಿಗೆ ಅತ್ತೆ ಬಂದು ಮುಟ್ಟಿದ್ದಳು. ಗಂಡ ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯಲ್ಲಿದ್ದ, ಫೋನು ಸಿಕ್ಕಿರಲಿಲ್ಲ. ಮಾವ ಹೊರಗೆ ವ್ಯಾನಿನ ಬಳಿ ಕೂತಿದ್ದ.

ನರ್ಸು ವಾಪಸು ಬಂದಾಗ ಅವಳ ಕೈಯಲ್ಲಿ ಬಿಳಿಯ ಪಟ್ಟಿಯಿತ್ತು, ಮುಖದಲ್ಲಿ ಆಶ್ಚರ್ಯ. "ಅಮ್ಮಾ, ಇವರು ಬಸುರಿ ಅಂತ ನಿಮಗೆ ಗೊತ್ತಿರಲಿಲ್ವಾ? ನೋಡಿ, ಎರಡು ಗೆರೆ. ಎಷ್ಟು ಗಾಢವಾಗಿ ಬಂದಿದೆ! ಸ್ಕ್ಯಾನ್ ತಡೀರಿ, ಡಾಕ್ಟರಿಗೆ ಹೇಳಿ ಬರ್ತೀನಿ."

ಅತ್ತೆ ಆ ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಟಾಕೀಸಿನಲ್ಲಿ ಲಕ್ಷಾಂತರ ಟಿಕೆಟ್ ನೋಡಿದ ಕಣ್ಣು ಅದು. "ದಿಂಬಿ... ಎರಡೇ ಇದೆಯಲ್ಲೇ" ಎಂದಳು, ಮೆಲ್ಲಗೆ. ಮರುಕ್ಷಣ ಆ ಹಳೆಯ ಗಂಟಲು ಬಿಚ್ಚಿಕೊಂಡಿತು. ಪರದೆಯಾಚೆಯ ರೋಗಿಗಳಿಗೆಲ್ಲ ಸುದ್ದಿಯಾಯಿತು. ಕಾಲು ಮುರಿದುಕೊಂಡು ಮಲಗಿದ್ದ ಮುದುಕನೊಬ್ಬ ಅಲ್ಲಿಂದಲೇ, "ಒಳ್ಳೇದಾಗಲಮ್ಮ" ಎಂದ. ಅತ್ತೆ ಫೋನು ತೆಗೆದು ಬೇರೆ ಊರಿನಲ್ಲಿದ್ದ ಮಗಳಿಗೆ ಹೇಳಿದಳು. ಮಗನ ಫೋನಿಗೆ, "ಎಲ್ಲಿ ಸತ್ತಿದ್ದೀಯೋ, ಬೇಗ ಬಾ, ಅಪ್ಪ ಆಗ್ತಿದ್ದೀಯ" ಎಂದು ಧ್ವನಿ ಸಂದೇಶ ಬಿಟ್ಟಳು. "ಉಸಿರಾಟ ಗಿಸಿರಾಟ ಎಲ್ಲ ಅದಕ್ಕೇ ಕಣೇ. ಕೆಲವರಿಗೆ ಹಾಗಾಗುತ್ತೆ" ಎಂದು ಸೊಸೆಯ ಪಾದ ಉಜ್ಜಿದಳು.

ಮುಖವಾಡದೊಳಗೆ ದಿಂಬಕ್ಕ ನಕ್ಕಳು. ಒಳಗೆಲ್ಲೋ ಒಂದು ಮೂಲೆಯಲ್ಲಿ ಇದು ಹಾಗಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಂಬಿದಳು. ನಂಬುವುದು ಅಷ್ಟು ಹಿತವಾಗಿತ್ತು. ಕೈಯನ್ನು ಮೆಲ್ಲಗೆ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆ ಕಾಲು ಗಂಟೆ ಅವಳಿಗೆ ಕೆಮ್ಮು ಬರಲಿಲ್ಲ.

ಡಾಕ್ಟರಮ್ಮ ಪರದೆ ಸರಿಸಿ ಬಂದು, ಸ್ಟೂಲು ಎಳೆದುಕೊಂಡು ಕೂತರು. ಅವರು ನಗುತ್ತಿರಲಿಲ್ಲ.

"ಇದಕ್ಕೆ ಮುಂಚೆ ಬಸಿರಾಗಿದ್ರಾ ಅಮ್ಮ?"

ದಿಂಬಕ್ಕ ತಲೆಯಾಡಿಸಿದಳು.

"ಏನಾಯ್ತು ಆಗ?"

ಅತ್ತೆ ನಡುವೆ ಬಾಯಿ ಹಾಕಿ, "ಅದು ಹೋಯ್ತು ಡಾಕ್ಟ್ರೇ, ಆ ಮಾತು ಈಗ್ಯಾಕೆ?" ಎಂದಳು.

ದಿಂಬಕ್ಕ ಮುಖವಾಡ ತುಸು ಎತ್ತಿ, "ಮಗು ಇರಲಿಲ್ಲ. ದ್ರಾಕ್ಷಿ ಥರ ಇದೆ ಅಂದ್ರು" ಎಂದಳು.

ಡಾಕ್ಟರಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. "ವಾರ ವಾರ ರಕ್ತ ಪರೀಕ್ಷೆಗೆ ಬನ್ನಿ ಅಂದಿರ್ತಾರೆ. ಹೋಗಿದ್ರಾ?"

"ಹೋಗದೆ ಏನು! ಒಂದು ವಾರಾನೂ ತಪ್ಪಿಸಿಲ್ಲ ನನ್ನ ಸೊಸೆ. ಮಳೆ ಬಂದ್ರೂ ಕೊಡೆ ಹಿಡ್ಕೊಂಡು ಹೋಗ್ತಿದ್ಲು" ಎಂದಳು ಅತ್ತೆ.

"ಇಲ್ಲ ಅತ್ತೆ" ಎಂದಳು ದಿಂಬಕ್ಕ. "ಮೊದಲೆರಡು ವಾರ ಬಿಟ್ರೆ ಹೋಗಿಲ್ಲ. ಬಸ್ ಸ್ಟ್ಯಾಂಡಲ್ಲಿ ಕೂತು ಬರ್ತಿದ್ದೆ."

ಅತ್ತೆ ಸೊಸೆಯ ಪಾದದಿಂದ ಕೈ ತೆಗೆದಳು.

ಡಾಕ್ಟರಮ್ಮ ಅವಳನ್ನು ಗದರಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಹೇಳಿದರು. ಈಗಲೂ ಹೊಟ್ಟೆಯಲ್ಲಿ ಮಗುವಿಲ್ಲ. ಅವತ್ತಿನ ಮಾಸಿನ ಒಂದು ಚೂರು ಉಳಿದುಬಿಟ್ಟಿದೆ. ಅದು ಕೆಟ್ಟು, ಕ್ಯಾನ್ಸರಾಗಿ, ರಕ್ತದಲ್ಲಿ ಹರಿದು ಎದೆಗೆ ಹೋಗಿ ಬೇರುಬಿಟ್ಟಿದೆ. ಎಕ್ಸ್‌ರೇಯ ಗಂಟುಗಳು ಅವೇ. ಬಸಿರಿನಲ್ಲಿ ಮೈ ಯಾವ ರಸ ಹುಟ್ಟಿಸುತ್ತದೋ ಅದನ್ನೇ ಆ ಗಂಟುಗಳೂ ಹುಟ್ಟಿಸುತ್ತವೆ. ಅದಕ್ಕೇ ಎರಡು ಗೆರೆ ಬಂದಿದೆ. ಎದೆ ಡವಗುಟ್ಟುವುದೂ ಕೈ ನಡುಗುವುದೂ ಅದರಿಂದಲೇ ಇರಬೇಕು.

"ಇಂಥದ್ದು ತೀರಾ ಅಪರೂಪ. ಇಷ್ಟು ವರ್ಷದಲ್ಲಿ ಇಲ್ಲಿ ನಾನು ನೋಡಿದ್ದು ಇನ್ನೊಂದೇ. ನಾಳೆ ಸೂಜಿ ಹಾಕೋದು ಬೇಡ ಅಂತ ಹೇಳಿದ್ದೀನಿ. ಇದಕ್ಕೆ ಚುಚ್ಚಿದ್ರೆ ರಕ್ತ ನಿಲ್ಲಿಸೋದು ಕಷ್ಟ. ರಕ್ತ ಪರೀಕ್ಷೆ, ಸ್ಕ್ಯಾನಿನಲ್ಲೇ ಖಚಿತ ಮಾಡ್ಕೋತಾರೆ. ಅಮ್ಮಾ, ನನ್ನ ಕಡೆ ನೋಡಿ. ಇದು ಇಷ್ಟು ಹರಡಿದ ಮೇಲೂ ಔಷಧಿಗೆ ಬಗ್ಗುವ ಜಾತಿ. ತುಂಬಾ ಜನ ಪೂರ್ತಿ ವಾಸಿಯಾಗಿದ್ದಾರೆ. ತಿಳೀತಾ?"

ದಿಂಬಕ್ಕ ತಿಳಿಯಿತೆಂದು ತಲೆಯಾಡಿಸಿದಳು. ಹೊಟ್ಟೆಯ ಮೇಲಿಟ್ಟ ಕೈಯನ್ನು ತೆಗೆದು ಪಕ್ಕದಲ್ಲಿ ಇಟ್ಟುಕೊಂಡಳು.

ಅತ್ತೆ ಎದ್ದು ಓಣಿಗೆ ಹೋದಳು. ಮಗಳಿಗೆ ಮತ್ತೆ ಫೋನು ಮಾಡಬೇಕಿತ್ತು. ಪರದೆಯ ಸಂದಿಯಿಂದ ದಿಂಬಕ್ಕನಿಗೆ ಅವಳ ಬೆನ್ನು ಕಾಣುತ್ತಿತ್ತು. ಇಡೀ ಟಾಕೀಸನ್ನು ಒಂದೇ ಕೂಗಿಗೆ ಸುಮ್ಮನಾಗಿಸುತ್ತಿದ್ದ ಹೆಂಗಸು ಫೋನು ಕಿವಿಗಿಟ್ಟುಕೊಂಡು ನಿಂತೇ ಇದ್ದಳು. ಆ ಕಡೆಯಿಂದ "ಅಮ್ಮಾ, ಅಮ್ಮಾ, ಏನಾಯ್ತು?" ಎನ್ನುವುದು ಇಲ್ಲಿಯವರೆಗೂ ಕೇಳುತ್ತಿತ್ತು.

ಅದೇ ಹೊತ್ತಿಗೆ ಗಂಡ ಬಂದ. ಗುಂಡಿಯಿಂದ ಮೇಲೆ ಬಂದೊಡನೆ ತಾಯಿಯ ಸಂದೇಶ ಕೇಳಿಸಿಕೊಂಡು ಓಡಿಬಂದಿದ್ದ. ಕೈಗೆಲ್ಲ ಗ್ರೀಸು, ಮುಖದಲ್ಲಿ ಒಂದು ನಗು. ಮದುವೆಯ ದಿನವೂ ಅವನು ಹಾಗೆ ಹಲ್ಲು ಕಾಣಿಸಿ ನಕ್ಕವನಲ್ಲ.

"ಅಮ್ಮ ಹೇಳಿದ್ಲು..." ಎಂದ.

"ಅಲ್ಲ ರೀ" ಎಂದಳು ದಿಂಬಕ್ಕ. "ಅದು ಅಲ್ಲ. ಬನ್ನಿ, ಇಲ್ಲಿ ಕೂತ್ಕೊಳ್ಳಿ." ಮುಖವಾಡ ಎತ್ತಿ ಎತ್ತಿ, ಉಸಿರು ಎಳೆದು ಎಳೆದು, ಬಸ್ ನಿಲ್ದಾಣದಿಂದ ಹಿಡಿದು ಎಲ್ಲವನ್ನೂ ಅವಳೇ ಹೇಳಿದಳು. ಬೇರೆಯವರ ಬಾಯಿಂದ ಅವನು ಕೇಳುವುದು ಅವಳಿಗೆ ಬೇಡವಾಗಿತ್ತು. ಹೇಳಿ ಮುಗಿಯುವ ಹೊತ್ತಿಗೆ ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ. ಒರೆಸಿದಷ್ಟೂ ಒರೆಸಿದ. ಕಡೆಗೆ, "ನೋವಾಗ್ತಿದೆಯಾ?" ಎಂದಷ್ಟೇ ಕೇಳಿದ.

ಔಷಧಿ ಶುರುವಾಯಿತು. ಮೊದಲ ದಿನಗಳಲ್ಲಿ ಜೀವ ಹೋಗುತ್ತದೋ ಇರುತ್ತದೋ ಎನ್ನುವಂತಿತ್ತು. ಔಷಧಿ ತಾಗಿ ಎದೆಯ ಗಂಟುಗಳು ರಕ್ತ ಒಸರಿದವು. ತೀವ್ರ ನಿಗಾ ಘಟಕದಲ್ಲಿ ಯಂತ್ರವೇ ಅವಳ ಪರವಾಗಿ ಉಸಿರಾಡಿತು. ಎದೆ ಸ್ವಲ್ಪ ತಹಬಂದಿಗೆ ಬಂತೆನ್ನುವಾಗ ಗರ್ಭಕೋಶದಿಂದ ರಕ್ತ ಹರಿಯಲು ಶುರುವಾಗಿ, ಏನು ಮಾಡಿದರೂ ನಿಲ್ಲಲಿಲ್ಲ. ಗರ್ಭಕೋಶ ತೆಗೆಯದೆ ಬೇರೆ ದಾರಿ ಇಲ್ಲ ಎಂದರು. ಅವಳಿಗೆ ಪ್ರಜ್ಞೆ ಇರಲಿಲ್ಲ. ಗಂಡ ಸಹಿ ಹಾಕಿದ. ಆ ಸಹಿ ಹಾಕಿದ್ದನ್ನು ಅವಳಿಗೆ ಹೇಳಲು ಅವನಿಗೆ ಎಷ್ಟೋ ದಿನ ಬಾಯಿ ಬರಲಿಲ್ಲ. ಹೊಟ್ಟೆಯ ಹೊಲಿಗೆ ಮುಟ್ಟಿ ನೋಡಿಕೊಂಡು ಅವಳೇ ಅರ್ಥಮಾಡಿಕೊಂಡಳು. ಹೊಲಿಗೆ ಕೆಲಸದವಳಲ್ಲವೇ, ಎಲ್ಲಿಂದ ಎಲ್ಲಿಗೆ ಹಾಕಿದ್ದಾರೆಂದು ಬೆರಳಿಗೇ ಗೊತ್ತಾಗಿತ್ತು. ಅವನು ಬಂದಾಗ, "ಸಹಿ ಹಾಕಿದ್ರಲ್ಲ, ಒಳ್ಳೇದೇ ಮಾಡಿದ್ರಿ" ಎಂದಳು. ಅವನು ಮಂಚದ ಕಂಬಿಗೆ ಹಣೆ ಇಟ್ಟುಕೊಂಡು ತುಂಬ ಹೊತ್ತು ಹಾಗೇ ಕೂತಿದ್ದ.

ಅತ್ತೆ ಟಾಕೀಸಿನ ಕೆಲಸ ಬಿಟ್ಟಳು. ಆಸ್ಪತ್ರೆಯೇ ಮನೆಯಾಯಿತು. ಸೊಸೆಯ ಕೂದಲು ಉದುರಿದಾಗ, "ಬಿಡು, ಇನ್ನು ಹತ್ತಿ ಅಂಟಲ್ಲ" ಎಂದಳು. ವಾಂತಿ ಹಿಡಿದಳು, ಮೈ ಒರೆಸಿದಳು, ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಚಮಚದಲ್ಲಿ ತಿನ್ನಿಸಿದಳು. ಬಸ್ ನಿಲ್ದಾಣದ ಮಾತು ಮಾತ್ರ ಎತ್ತಲಿಲ್ಲ. ದಿಂಬಕ್ಕನಿಗೆ ಅದೇ ಸಂಕಟ. ಒಂದು ದಿನ ತಡೆಯಲಾರದೆ, "ಅತ್ತೆ, ಒಂದು ಸಲ ಬೈದುಬಿಡಿ ನನ್ನ" ಎಂದಳು.

ಅತ್ತೆ ಚಮಚ ಕೆಳಗಿಟ್ಟಳು. "ಬೈದು ಏನು ಮಾಡಲಿ? ನನಗ್ಯಾಕೆ ಹೇಳಲಿಲ್ವೇ ನೀನು?"

"ನೀವು ಅಷ್ಟು ಆಸೆ ಇಟ್ಕೊಂಡಿದ್ರಿ..."

"ಹೇಳಿದ್ರೆ ಬೈತಿದ್ದೆ. ಬಾಯಿಗೆ ಬಂದ ಹಾಗೆ ಬೈತಿದ್ದೆ. ಆಮೇಲೆ ನಿನ್ನ ಜೊತೆ ಬಂದು ಆ ಬಸ್ ಸ್ಟ್ಯಾಂಡಲ್ಲೇ ಒಂದು ವಾರ ಕೂರ್ತಿದ್ದೆ. ಮುಂದಿನ ವಾರ ಕೈ ಹಿಡಿದು ಎಳ್ಕೊಂಡು ಹೋಗ್ತಿದ್ದೆ. ಅಷ್ಟೇ ತಾನೇ ಬೇಕಾಗಿದ್ದಿದ್ದು?" ಎಂದು, ಬಟ್ಟಲು ಹಿಡಿದುಕೊಂಡು ತೊಳೆಯುವ ನೆಪದಲ್ಲಿ ಹೊರಗೆ ಹೋದಳು. ಬಟ್ಟಲಿನಲ್ಲಿ ಇನ್ನೂ ಅರ್ಧ ಬ್ರೆಡ್ಡಿತ್ತು.

ದಿಂಬಕ್ಕ ಉಳಿದಳು. ರಕ್ತದಲ್ಲಿನ ಆ ರಸದ ಅಂಕಿ ಮೊದಲು ಲಕ್ಷದಲ್ಲಿತ್ತು. ಪ್ರತಿ ಸಲವೂ ಇಳಿಯುತ್ತ ಇಳಿಯುತ್ತ ಬಂದು ಕಡೆಗೆ ಇಲ್ಲವಾಯಿತು. ಆಮೇಲೂ ವರ್ಷಗಟ್ಟಲೆ ರಕ್ತ ಕೊಡಲು ಅದೇ ಹೆರಿಗೆ ವಿಭಾಗಕ್ಕೆ ಹೋಗಬೇಕಿತ್ತು. ಅತ್ತೆ ಜೊತೆಗೆ ಹೋಗುತ್ತಿದ್ದಳು, ಅವಳಿಗೂ ಬಸುರಿಯರಿಗೂ ನಡುವೆ ಗೋಡೆಯ ಹಾಗೆ ಕೂರುತ್ತಿದ್ದಳು. ಹತ್ತಿ ಯಂತ್ರದ ಕೋಣೆಗೆ ದಿಂಬಕ್ಕನನ್ನು ಮಾವ ಮತ್ತೆ ಬಿಡಲಿಲ್ಲ. ಅವಳು ಮುಂದಿನ ಕೋಣೆಯಲ್ಲಿ ಕೂತು ಗವಸು ಹೊಲಿದಳು, ಗಿರಾಕಿಗಳನ್ನು ನೋಡಿಕೊಂಡಳು. ಯಾರಾದರೂ ತೊಟ್ಟಿಲಿನ ಹಾಸಿಗೆ ಕೇಳಿಕೊಂಡು ಬಂದರೆ ಅಳತೆ ತಾನೇ ತೆಗೆದುಕೊಂಡು, ತಾನೇ ಹೊಲಿದು ಕೊಡುತ್ತಿದ್ದಳು. ಬೇಡವೆಂದು ಮಾವ ಹೇಳಿದರೂ ಕೇಳಲಿಲ್ಲ. ಕೆಲವು ವರ್ಷದ ಮೇಲೆ ಅತ್ತೆ ನಿದ್ದೆಯಲ್ಲೇ ತೀರಿಕೊಂಡಳು. ಮನೆ ಸದ್ದು ಕಳೆದುಕೊಂಡಿತು. ಗಂಡ ಹೆಂಡತಿ ಇಬ್ಬರೂ ಮಾತಿನವರಲ್ಲ. ಜಗಳವೂ ಇರಲಿಲ್ಲ. ಆ ಬಸಿರಿನ ವಿಷಯವನ್ನು ಮಾತ್ರ ಅವರು ಒಬ್ಬರ ಮುಂದೆ ಒಬ್ಬರು ಆಡಿದ್ದೇ ಇಲ್ಲ.

ಮೊನ್ನೆ ಮೊನ್ನೆ ದಿಂಬಕ್ಕ ಅಂಗಡಿಯ ಏಣಿಯಿಂದ ಜಾರಿ ಬಿದ್ದಳು. ಮುಂಗೈ ಊದಿಕೊಂಡಿತ್ತು, ಪಕ್ಕೆಯೂ ನೋಯುತ್ತಿತ್ತು. ಬೇರೆ ಯಾವುದೋ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಗಂಡ ಕರೆದುಕೊಂಡು ಹೋದ. ಅಲ್ಲಿನ ಎಳೆಯ ಡಾಕ್ಟರು ಪಕ್ಕೆಯ ಎಲುಬು ನೋಡಲೆಂದು ಎಕ್ಸ್‌ರೇ ತೆಗೆಸಿ, ಅದನ್ನು ನೋಡಿ ಬಿಳಿಚಿಕೊಂಡ. ಪಕ್ಕೆಯ ಎಲುಬು ಸರಿಯಿತ್ತು, ಆದರೆ ಶ್ವಾಸಕೋಶದಲ್ಲಿ ಎರಡು ಮೂರು ದುಂಡನೆಯ ಕಲೆ. ಹೇಗೆ ಹೇಳುವುದೆಂದು ತಿಳಿಯದೆ ಅವನು ತಡವರಿಸುವುದನ್ನು ನೋಡಿ ದಿಂಬಕ್ಕನೇ, "ಹೆದರಬೇಡಪ್ಪ, ಅದು ಹಳೇದು. ಗಂಟು ಸತ್ತ ಮೇಲೆ ಉಳಿದ ಕಲೆ ಅದು, ಬೆಳೆಯಲ್ಲ" ಎಂದು, ಹಳೆಯ ಆಸ್ಪತ್ರೆಯ ಹೆಸರು, ಕಾಯಿಲೆಯ ಹೆಸರು ಹೇಳಿದಳು. ಅವನು ಅದನ್ನು ಪುಸ್ತಕದಲ್ಲಿ ಓದಿದ್ದನಂತೆ, ಕಣ್ಣಾರೆ ನೋಡಿರಲಿಲ್ಲವಂತೆ. "ನಿಮಗೆ ಆಗ ಮಕ್ಕಳಿದ್ರಾ ಅಮ್ಮ?" ಎಂದು ಕೇಳಿದ. "ಇಲ್ಲಪ್ಪ" ಎಂದಳು. ಅವನು ಮುಂಗೈಗೆ ಪಟ್ಟಿ ಕಟ್ಟಿ ಕಳಿಸಿದ.

ಹೊರಗೆ ಬಂದರು. ಸಂಜೆಯ ಬಿಸಿಲಿತ್ತು. ಶಾಲೆ ಬಿಟ್ಟ ಮಕ್ಕಳು ಚೀಲ ಹೊತ್ತುಕೊಂಡು ಗುಂಪುಗುಂಪಾಗಿ ಹೋಗುತ್ತಿದ್ದರು. ದಾರಿ ಬಿಡಲು ಇಬ್ಬರೂ ಗೋಡೆ ಬದಿಗೆ ಸರಿದು ನಿಂತರು. ಮಕ್ಕಳು ದಾಟಿಹೋದ ಮೇಲೂ ಗಂಡ ಹೆಜ್ಜೆ ಕಿತ್ತಿಡಲಿಲ್ಲ.

"ಈಗ ಎಷ್ಟು ದೊಡ್ಡದಾಗಿರ್ತಿತ್ತು?" ಎಂದು ಕೇಳಿದ.

ದಿಂಬಕ್ಕ ಅವನ ಮುಖ ನೋಡಿದಳು. "ಮಗು ಇರಲೇ ಇಲ್ಲ ಅಂದಿದ್ರಲ್ಲ ರೀ ಡಾಕ್ಟ್ರು."

"ಗೊತ್ತು. ಆದ್ರೂ."

ಅವಳು ದಾಟಿಹೋದ ಮಕ್ಕಳ ಕಡೆ ನೋಡಿದಳು. ಆಮೇಲೆ ಪಟ್ಟಿ ಕಟ್ಟದ ಕೈಯನ್ನು ಎತ್ತಿ ಅವನ ಭುಜದ ಹತ್ತಿರ ಹಿಡಿದು, ಅಳತೆ ನೋಡುವವಳ ಹಾಗೆ ಒಂದಿಷ್ಟು ಕೆಳಗಿಳಿಸಿ, "ಇಷ್ಟು" ಎಂದಳು.

ಅವನು ಹೂಂ ಎಂದ. ಅವಳ ಚೀಲವನ್ನು ತಾನು ತೆಗೆದುಕೊಂಡ. ಇಬ್ಬರೂ ಮನೆಯ ಕಡೆ ಹೊರಟರು.